ಸವೆಯೋದು ಪ್ರೊಸೆಸರ್, ಬೈಸಿಕೊಳ್ಳೋದು ರ‍್ಯಾಮ್

(ದಾವಣಗೆರೆಯ ವಿದ್ಯಾನಗರದಲ್ಲಿ ಡಿಟಿಪಿ ಸೆಂಟರ್ ಮತ್ತು ಫೋಟೊ ಸ್ಟುಡಿಯೊ ನಡೆಸುವವರು, ಕಂಪ್ಯೂಟರ್ ರಿಪೇರಿಯವರು, ಎಂಜಿನಿಯರಿಂಗ್ ಹುಡುಗರು ಸೇರಿದ್ದ ಸಂಜೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ರಿಪೇರಿ ಲೈನಿನಲ್ಲಿ ಒಂದು ಹಳೇ ನಂಬಿಕೆ ಇದೆ. ಡಬ್ಬಿಯೊಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಸುಡುತ್ತದೆ, ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತದೆ, ರ‍್ಯಾಮ್ ಕೈಕೊಡುತ್ತದೆ, ಮದರ್‌ಬೋರ್ಡಿನ ಕೆಪಾಸಿಟರ್ ಉಬ್ಬುತ್ತದೆ. ಲೆಕ್ಕವೆಲ್ಲ ಮಾಡುವ ಪ್ರೊಸೆಸರ್ ಮಾತ್ರ ಹೋಗಲ್ಲ. ಪಿನ್ ಬಗ್ಗಿಸಬೇಡಿ, ಫ್ಯಾನ್ ಇಲ್ಲದೆ ಓಡಿಸಬೇಡಿ, ಅಷ್ಟೇ. ಎಪಿಎಂಸಿ ಕಡೆ ಯಾವುದಾದರೂ ವೇಬ್ರಿಡ್ಜ್ ಕೋಣೆಯೊಳಗೆ ಇಣುಕಿ ನೋಡಿ. ಧೂಳು ಕುಡಿದುಕೊಂಡು ಯಾವುದೋ ಪೆಂಟಿಯಂ 4 ಈಗಲೂ ತೂಕದ ಚೀಟಿ ಹೊಡೆಯುತ್ತಿದ್ದರೆ ಆಶ್ಚರ್ಯ ಇಲ್ಲ. ಅಂಥದ್ದನ್ನು ನೋಡಿ ಬೆಳೆದವರಿಗೆ ಪ್ರೊಸೆಸರ್ ಚಿರಂಜೀವಿ ಅನಿಸುವುದು ಸಹಜ.

ಆ ನಂಬಿಕೆ ಬಹಳ ವರ್ಷ ಕೆಲಸಕ್ಕೆ ಬಂತು. ಈಗ ಅದೇ ನಂಬಿಕೆ ಗಿರಾಕಿಗಳ ದುಡ್ಡು ಕಳೆಯುತ್ತಿದೆ. ಇವತ್ತು ನಾನು ಹೇಳಬೇಕಾದ್ದು ಇಷ್ಟು: ಪ್ರೊಸೆಸರ್ ಸವೆಯುತ್ತದೆ. ಸವೆದದ್ದು ಒಮ್ಮೆಗೇ ನಿಲ್ಲುವುದಿಲ್ಲ, ಓಡುತ್ತಲೇ ಅಪರೂಪಕ್ಕೊಮ್ಮೆ ತಪ್ಪು ಲೆಕ್ಕ ಮಾಡುತ್ತದೆ. ಆ ತಪ್ಪಿನ ಅಪವಾದ ಮಾತ್ರ ಪಕ್ಕದಲ್ಲಿ ಕೂತ ರ‍್ಯಾಮ್ ಮೇಲೆ, ಗ್ರಾಫಿಕ್ಸ್ ಕಾರ್ಡ್ ಮೇಲೆ, ವಿಂಡೋಸ್ ಮೇಲೆ ಬೀಳುತ್ತದೆ.

ಪಿ.ಜೆ. ಬಡಾವಣೆ ಕಡೆ ಒಬ್ಬರು ಸ್ಟುಡಿಯೊ ಇಟ್ಟಿದ್ದಾರೆ. ಮದುವೆ ವಿಡಿಯೊ, ಆಲ್ಬಮ್ ಡಿಸೈನ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಜೋಡಿಸಿ ತಂದ ಮಿಷನ್. ಒಳಗೆ ಆಗ ಸಿಗುತ್ತಿದ್ದ ದೊಡ್ಡ ಪ್ರೊಸೆಸರ್. ಮೊದಲ ವರ್ಷ ಒಂದು ದೂರೂ ಇಲ್ಲ. ಆಮೇಲೆ ರೆಂಡರ್ ಮಧ್ಯೆ ಎಡಿಟಿಂಗ್ ಸಾಫ್ಟ್‌ವೇರ್ ತಾನೇ ಮುಚ್ಚಿಕೊಳ್ಳಲು ಶುರುಮಾಡಿತು. ಮೊದಮೊದಲು ವಾರಕ್ಕೊಮ್ಮೆ, ಲಗ್ನದ ಸೀಸನ್ ಬರುವಷ್ಟರಲ್ಲಿ ದಿನಾ. ಯಾರೋ ಬಂದು ವಿಂಡೋಸ್ ಹೊಸದಾಗಿ ಹಾಕಿದರು. ಹಾಕುವಾಗಲೇ ಒಂದು ಸಲ ನೀಲಿ ಸ್ಕ್ರೀನ್. ರ‍್ಯಾಮ್ ಬದಲಾಯಿತು. ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಅದೇ ಕಥೆ. ಅಷ್ಟರಲ್ಲಿ ಅವರ ಮಗ ಗೇಮ್ ಹಾಕಿದರೆ ವಿಡಿಯೊ ಮೆಮೊರಿ ಸಾಲುತ್ತಿಲ್ಲ ಅನ್ನುವ ಸಂದೇಶ ಬಂತು. "ಗ್ರಾಫಿಕ್ಸ್ ಕಾರ್ಡೇ ಹೋಗೈತೆ" ಅಂತ ತೀರ್ಪಾಯಿತು. ಹೊಸ ಕಾರ್ಡ್ ಬಂತು. ಅದನ್ನು ಓಡಿಸುವ ಡ್ರೈವರ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಲೇ ಇಲ್ಲ, ಅರ್ಧಕ್ಕೆ ಎರರ್. ಮಿಷನ್ ನನ್ನ ಟೇಬಲ್ಲಿಗೆ ಬಂದಾಗ ಅವರು ಅಂದದ್ದು, "ಅಣ್ಣ, ಇದಕ್ಕೆ ಶಾಂತಿ ಮಾಡ್ಸೋದೊಂದ್ ಬಾಕಿ ಐತೆ ನೋಡ್ರಿ."

ಆ ಡ್ರೈವರ್ ಎರರ್‌ನಲ್ಲೇ ಸುಳಿವಿತ್ತು. ಡ್ರೈವರ್ ಫೈಲ್ ಅಂದರೆ ಒತ್ತಿ ಕಟ್ಟಿದ ಗಂಟು. ಇನ್‌ಸ್ಟಾಲ್ ಆಗುವ ಮೊದಲು ಅದು ಬಿಚ್ಚಿಕೊಳ್ಳಬೇಕು. ಬಿಚ್ಚುವ ಕೆಲಸ ಪೂರ್ತಿ ಪ್ರೊಸೆಸರಿನದು. ಅಲ್ಲಿ ಹಿಂದಿನ ಅಕ್ಷರದ ಮೇಲೆ ಮುಂದಿನ ಅಕ್ಷರ ನಿಂತಿರುತ್ತದೆ, ನಡುವೆ ಒಂದೇ ಒಂದು ಬಿಟ್ ತಪ್ಪಿದರೂ ಕೊನೆಯ ತಾಳೆ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ನಾನು ಒಂದು ಮದುವೆಯ ಫೋಟೊ ಫೋಲ್ಡರನ್ನು ಬೇರೆ ಮಿಷನ್‌ನಲ್ಲಿ ಜಿಪ್ ಮಾಡಿ ತಂದು ಇದರಲ್ಲಿ 7-ಜಿಪ್‌ನಿಂದ ಬಿಚ್ಚಿದೆ. ಒಂದು ಫೋಟೊದ ಮುಂದೆ ಸಿಆರ್‌ಸಿ ಎರರ್, ಅಂದರೆ ಅದೇ ತಾಳೆ ಲೆಕ್ಕ ತಪ್ಪಿದೆ. ಸರಿ, ಇನ್ನೊಮ್ಮೆ ಬಿಚ್ಚಿದೆ. ಈಗ ಆ ಫೋಟೊ ಚೆನ್ನಾಗಿದೆ, ಬೇರೆ ಎರಡರಲ್ಲಿ ಎರರ್. ಮೂರನೇ ಸಲ ಎಲ್ಲವೂ ಸರಿ! ಫೈಲೇ ಕೆಟ್ಟಿದ್ದರೆ ಪ್ರತಿ ಸಲ ಅದೇ ಜಾಗದಲ್ಲಿ ಕೆಟ್ಟಿರಬೇಕು, ಅಲ್ವಾ? ಜಾಗ ಬದಲಾಗುತ್ತಿದೆ ಅಂದರೆ ಕೆಟ್ಟದ್ದು ಓದುವವನ ಕಣ್ಣು.

ಆದರೆ ಇದು ರ‍್ಯಾಮ್ ತಪ್ಪೂ ಆಗಿರಬಹುದು. ಅದಕ್ಕೆ ಅದರ ವೇಗ ಏರಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆಫ್ ಮಾಡಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟನ್ನು ರಾತ್ರಿಯಿಡೀ ಓಡಿಸಲು ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಒಂದೂ ಎರರ್ ಇಲ್ಲ. ಆಮೇಲೆ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದೆ. ನಮ್ಮಲ್ಲಿ ಹೆಚ್ಚಿನವರು ಇಲ್ಲಿಗೆ ಹೋಗುವುದೇ ಇಲ್ಲ. ಸಿಸ್ಟಮ್ ಲಾಗ್‌ನಲ್ಲಿ 'ವೀಯಾ ಲಾಗರ್' (WHEA-Logger) ಅನ್ನುವ ಹೆಸರಿನಲ್ಲಿ, ಇವೆಂಟ್ ನಂಬರ್ 19, ಸಾಲುಸಾಲು ಹಳದಿ ಎಚ್ಚರಿಕೆಗಳು. ಒಂದನ್ನು ಒತ್ತಿದರೆ ಕೆಳಗೆ ಬರೆದಿತ್ತು: ದೂರು ಕೊಟ್ಟ ಭಾಗ, ಪ್ರೊಸೆಸರ್ ಕೋರ್, ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಹಲವು ಘಟಕಗಳಲ್ಲೊಂದು. ತಪ್ಪಿನ ಬಗೆ, ಇಂಟರ್ನಲ್ ಪ್ಯಾರಿಟಿ ಎರರ್, ಅಂದರೆ ಒಳಗಿನ ಡೇಟಾ ತಾಳೆಯಾಗಿಲ್ಲ. ಅದರ ಕೆಳಗೆ ಎಪಿಐಸಿ ಐಡಿ ಅಂತ ಒಂದು ಸಂಖ್ಯೆ, ಯಾವ ಕೋರ್ ಅನ್ನುವ ಗುರುತು. ಹಿಂದಿನ ವಾರದ್ದು ನೋಡಿದೆ, ಅದೇ ಸಂಖ್ಯೆ. ಅದರ ಹಿಂದಿನದ್ದೂ ಅದೇ. ಪ್ರೊಸೆಸರ್ ತಿಂಗಳುಗಟ್ಟಲೆ ತನ್ನ ದೂರನ್ನು ತಾನೇ ಬರೆದಿಡುತ್ತಾ ಬಂದಿದೆ, ಓದುವವರು ಇರಲಿಲ್ಲ.

ಕೊನೆಗೆ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸೆಟ್ಟಿಂಗ್‌ಗೆ ಹೋಗಿ ದೊಡ್ಡ ಕೋರ್‌ಗಳ ಗರಿಷ್ಠ ವೇಗವನ್ನು 200 ಮೆಗಾಹರ್ಟ್ಸ್ ಇಳಿಸಿದೆ. ಅದೇ ಫೋಲ್ಡರ್ ಮತ್ತೆ ಮತ್ತೆ ಬಿಚ್ಚಿದೆ. ಎಲ್ಲವೂ ಶುದ್ಧ. ಹೊಸ ಡ್ರೈವರೂ ಮೊದಲನೇ ಏಟಿಗೇ ಕೂತಿತು.

ವೇಗ ಸ್ವಲ್ಪ ಇಳಿಸಿದರೆ ಯಾಕೆ ಸರಿಹೋಗುತ್ತದೆ? ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಪ್ರೊಸೆಸರ್ ಒಳಗಿರುವುದು ಕೋಟಿಗಟ್ಟಲೆ ಸ್ವಿಚ್‌ಗಳು. 5.8 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 580 ಕೋಟಿ ಸಲ ತಾಳ ಬೀಳುತ್ತದೆ. ಪ್ರತಿ ತಾಳದೊಳಗೆ ಸ್ವಿಚ್‌ಗಳು ತಮ್ಮ ಕೆಲಸ ಮುಗಿಸಿರಬೇಕು. ವೋಲ್ಟೇಜ್ ಜಾಸ್ತಿ ಕೊಟ್ಟರೆ ಸ್ವಿಚ್ ಬೇಗ ತಿರುಗುತ್ತದೆ, ಕಮ್ಮಿ ಕೊಟ್ಟರೆ ನಿಧಾನ. ಹಾಗಾಗಿ ಪ್ರತಿ ವೇಗಕ್ಕೂ ಇಷ್ಟು ವೋಲ್ಟೇಜ್ ಬೇಕೇ ಬೇಕು ಅನ್ನುವ ಒಂದು ಕನಿಷ್ಠ ಮಿತಿ ಇರುತ್ತದೆ. ಕಂಪನಿಯವರು ಕಾರ್ಖಾನೆಯಲ್ಲೇ ಪ್ರತಿ ಚಿಪ್ಪನ್ನೂ ಅಳೆದು, ಮುಂದೆ ಸವೆಯುವುದನ್ನೂ ಲೆಕ್ಕ ಹಿಡಿದು ಸ್ವಲ್ಪ ಮೇಲಕ್ಕೆ ಬಿಟ್ಟು ಆ ಮಿತಿಯನ್ನು ಬರೆದಿಡುತ್ತಾರೆ.

ನಮ್ಮ ಎಪಿಎಂಸಿಯ ಹಮಾಲಿಯನ್ನು ನೆನೆಸಿಕೊಳ್ಳಿ. ಇಪ್ಪತ್ತೈದರ ವಯಸ್ಸಿನಲ್ಲಿ ಮೆಕ್ಕೆಜೋಳದ ಚೀಲ ಹೊತ್ತು ಲಾರಿಗೆ ಹಾಕುವುದು ಅವನಿಗೆ ಲೆಕ್ಕಕ್ಕೇ ಇಲ್ಲ. ಐವತ್ತರಲ್ಲೂ ಅದೇ ಚೀಲ ಹೊರುತ್ತಾನೆ, ಆದರೆ ಒಂದೋ ಜಾಸ್ತಿ ದಮ್ಮು ಕಟ್ಟಬೇಕು, ಇಲ್ಲ ನಿಧಾನ ಹೋಗಬೇಕು. ಎರಡಕ್ಕೂ ಬಿಡದೆ ಮೊದಲಿನ ವೇಗದಲ್ಲೇ ಓಡು ಅಂದರೆ ಯಾವುದೋ ಒಂದು ಸುತ್ತಿನಲ್ಲಿ ಚೀಲ ಕೆಳಗೆ ಬೀಳುತ್ತದೆ. ಸವೆದ ಪ್ರೊಸೆಸರಿನದೂ ಇದೇ ಸ್ಥಿತಿ. ಅದೇ ವೇಗಕ್ಕೆ ಈಗ ಜಾಸ್ತಿ ವೋಲ್ಟೇಜ್ ಬೇಕು. ಆದರೆ ಅದರ ಪಟ್ಟಿಯಲ್ಲಿ ಬರೆದಿರುವುದು ಹೊಸದರಲ್ಲಿ ಅಳೆದ ಸಂಖ್ಯೆ.

ಸವೆತ ಆಗುವುದು ಹಲವು ದಾರಿಯಲ್ಲಿ. ತಂತಿಗಳು ತೀರಾ ಸಣ್ಣ. ಜಾಸ್ತಿ ಕರೆಂಟ್ ಹರಿದರೆ ಎಲೆಕ್ಟ್ರಾನ್‌ಗಳು ಲೋಹದ ಪರಮಾಣುಗಳನ್ನೇ ತಳ್ಳಿಕೊಂಡು ಹೋಗುತ್ತವೆ. ಇದಕ್ಕೆ ಎಲೆಕ್ಟ್ರೋಮೈಗ್ರೇಶನ್ ಅನ್ನುತ್ತಾರೆ, 1960ರ ದಶಕದಿಂದಲೂ ಗೊತ್ತಿರುವ ವಿಷಯ. ಸ್ವಿಚ್‌ನ ಗೇಟಿನ ಕೆಳಗಿರುವ ತೆಳು ಪದರದಲ್ಲಿ ಚಾರ್ಜ್ ಸಿಕ್ಕಿಹಾಕಿಕೊಂಡು ಸ್ವಿಚ್ ತಿರುಗುವುದು ತಡವಾಗುವುದು ಇನ್ನೊಂದು. ಎರಡಕ್ಕೂ ಬಿಸಿ ಮತ್ತು ವೋಲ್ಟೇಜ್ ಎರಡೂ ತುಪ್ಪ ಸುರಿಯುತ್ತವೆ. ಅದರಲ್ಲೂ ವೋಲ್ಟೇಜಿನ ಪರಿಣಾಮ ನೇರ ಲೆಕ್ಕದಲ್ಲಿ ಏರುವುದಿಲ್ಲ. ಸ್ವಲ್ಪ ಏರಿಸಿದರೆ ಆಯಸ್ಸು ಬಹಳ ಕಮ್ಮಿಯಾಗುತ್ತದೆ. 2002ರ ಹೊತ್ತಿಗೆ ಪೆಂಟಿಯಂ 4ರ ನಾರ್ತ್‌ವುಡ್ ಚಿಪ್ಪಿಗೆ 1.7 ವೋಲ್ಟ್ ದಾಟಿಸಿ ಓವರ್‌ಕ್ಲಾಕ್ ಮಾಡಿದವರು, ಅಂದರೆ ಕಂಪನಿ ಬರೆದ ವೇಗಕ್ಕಿಂತ ಮೇಲೆ ಓಡಿಸಿದವರು, ಪಾಠ ಕಲಿತದ್ದು ಹೀಗೆಯೇ, ಒಂದು ದಿನ ಇದ್ದಕ್ಕಿದ್ದಂತೆ ಚಿಪ್ ಮಲಗಿಬಿಡುತ್ತಿತ್ತು. ಆದರೆ ಅವರು ಕೈಯಾರೆ ಮಾಡಿಕೊಂಡದ್ದು. ಸುಮ್ನೆ ಅಂಗಡಿಯಿಂದ ತಂದು ಚಾಲೂ ಮಾಡಿದವರಿಗೂ ಹಾಗೇ ಆದರೆ?

2022ರ ಅಕ್ಟೋಬರ್‌ನಲ್ಲಿ ಇಂಟೆಲ್ 13ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳನ್ನು ತಂದಿತು, ಮರುವರ್ಷದ ಅಕ್ಟೋಬರ್‌ನಲ್ಲಿ 14ನೆಯದನ್ನು. ಎರಡೂ ಹೆಚ್ಚುಕಮ್ಮಿ ಒಂದೇ ಚಿಪ್. ಐ9-13900ಕೆ 5.8 ಗಿಗಾಹರ್ಟ್ಸ್‌ವರೆಗೆ, ಐ9-14900ಕೆ 6 ಗಿಗಾಹರ್ಟ್ಸ್‌ವರೆಗೆ. 2023 ಮುಗಿದು 2024 ಬರುವಷ್ಟರಲ್ಲಿ ಜಗತ್ತಿನ ಎಲ್ಲ ಕಡೆಯಿಂದ ದೂರು. ಗೇಮ್ ತೆರೆಯುವಾಗ, ಅಂದರೆ ಒತ್ತಿದ ಫೈಲ್ ಬಿಚ್ಚುವಾಗಲೇ ನಿಲ್ಲುತ್ತಿತ್ತು. ಸಂದೇಶ ಮಾತ್ರ ವಿಡಿಯೊ ಮೆಮೊರಿ ಸಾಲದು ಅಂತ. ಜನ ಗ್ರಾಫಿಕ್ಸ್ ಕಾರ್ಡ್ ಮಾಡುವ ಎನ್‌ವಿಡಿಯಾವನ್ನು ಬೈದರು. ಕೊನೆಗೆ ಎನ್‌ವಿಡಿಯಾದವರೇ 2024ರ ಏಪ್ರಿಲ್‌ನಲ್ಲಿ, ಇಂಥ ಪ್ರೊಸೆಸರ್ ಇದ್ದವರು ಇಂಟೆಲ್ ಸಹಾಯ ಕೇಳಿ ಅಂತ ಹೇಳಬೇಕಾಯಿತು.

ಮೊದಲು ಬೆರಳು ಹೋದದ್ದು ಮದರ್‌ಬೋರ್ಡ್ ಕಂಪನಿಗಳ ಕಡೆ. ಅದರಲ್ಲಿ ಸತ್ಯವೂ ಇತ್ತು. ಈ ಐ9ಗೆ ಇಂಟೆಲ್ ಬರೆದ ಗರಿಷ್ಠ ವಿದ್ಯುತ್ ಮಿತಿ 253 ವ್ಯಾಟ್. ಎಷ್ಟೋ ಬೋರ್ಡ್‌ಗಳು ಪೆಟ್ಟಿಗೆಯಿಂದ ತೆಗೆದ ಕೂಡಲೇ ಆ ಮಿತಿಯನ್ನು 4096 ವ್ಯಾಟ್ ಅಂತ ಇಟ್ಟಿರುತ್ತಿದ್ದವು, ಅಂದರೆ ಮಿತಿಯೇ ಇಲ್ಲ. ಪರೀಕ್ಷೆಯ ಅಂಕಿಯಲ್ಲಿ ಪಕ್ಕದ ಬೋರ್ಡಿಗಿಂತ ನಾಲ್ಕು ಪಾಯಿಂಟ್ ಮೇಲೆ ಕಾಣಲಿ ಅಂತ. ನನಗೆ ಕೇಳಿದರೆ ಈ ಚಾಳಿ ಹತ್ತು ವರ್ಷ ಮೊದಲೇ ನಿಲ್ಲಬೇಕಿತ್ತು.

ಆದರೆ ಅಷ್ಟೇ ಆಗಿರಲಿಲ್ಲ. 2024ರ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು: ಪ್ರೊಸೆಸರನ್ನು ಒಳಗಿನಿಂದ ನಡೆಸುವ ಸಣ್ಣ ಪ್ರೋಗ್ರಾಂ, ಮೈಕ್ರೋಕೋಡ್, ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು. ಬೋರ್ಡ್ ಕೊಟ್ಟಿದ್ದು ಕೇಳಿದ್ದನ್ನೇ. ಆಗಸ್ಟ್‌ನಲ್ಲಿ 0ಎಕ್ಸ್129 ಅನ್ನುವ ಮೈಕ್ರೋಕೋಡ್ ಬಂತು, 1.55 ವೋಲ್ಟ್‌ಗಿಂತ ಮೇಲೆ ಕೇಳದ ಹಾಗೆ ಕಟ್ಟು ಹಾಕಿತು. ಸೆಪ್ಟೆಂಬರ್‌ನಲ್ಲಿ ಪೂರ್ತಿ ಕಾರಣ ಹೇಳಿದರು, ವಿಮಿನ್ ಶಿಫ್ಟ್ ಅಂತ ಹೆಸರಿಟ್ಟರು. ಕೋರ್‌ನೊಳಗೆ ತಾಳ ಹಂಚುವ ಕ್ಲಾಕ್ ಸರ್ಕ್ಯೂಟೇ ಜಾಸ್ತಿ ವೋಲ್ಟೇಜ್ ಮತ್ತು ಬಿಸಿಗೆ ಸವೆದು, ಆ ಕೋರ್‌ಗೆ ಬೇಕಾದ ಕನಿಷ್ಠ ವೋಲ್ಟೇಜ್ ಮೇಲಕ್ಕೆ ಸರಿಯುತ್ತಿತ್ತು. ಅದರ ಜೊತೆ 0ಎಕ್ಸ್12ಬಿ ಬಂತು. ಮಿಷನ್ ಖಾಲಿ ಕೂತಾಗ, ಹಗುರ ಕೆಲಸದಲ್ಲಿದ್ದಾಗ ಕೇಳುತ್ತಿದ್ದ ಅನಗತ್ಯ ವೋಲ್ಟೇಜನ್ನು ಇದು ತಡೆಯಿತು. ದಿನಗಟ್ಟಲೆ ಆಫ್ ಆಗದೆ ಹಗುರ ಕೆಲಸ ಮಾಡುವ ಮಿಷನ್‌ಗಳಿಗಾಗಿ 2025ರ ಮೇನಲ್ಲಿ 0ಎಕ್ಸ್12ಎಫ್ ಅಂತ ಇನ್ನೊಂದು ಬಂತು. 2023ರವರೆಗಿನ ಕೆಲವು 13ನೇ ತಲೆಮಾರಿನ ಚಿಪ್‌ಗಳಲ್ಲಿ ತಯಾರಿಯಲ್ಲೇ ಆಕ್ಸಿಡೇಶನ್ ದೋಷವೂ ಇತ್ತು. ಅದು ಬೇರೆ ವಿಷಯ, ಇದರ ಜೊತೆ ಕಲಸಬೇಡಿ.

ಇದು ಮೊದಲ ಸಲವೂ ಅಲ್ಲ. 2011ರ ಜನವರಿಯಲ್ಲಿ ಮದರ್‌ಬೋರ್ಡ್ ಮೇಲೆ ಕೂರುವ ಇದೇ ಕಂಪನಿಯ 6 ಸೀರೀಸ್ ಚಿಪ್‌ಸೆಟ್‌ನಲ್ಲಿ, ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್‌ಗಳು ವರ್ಷ ಕಳೆದಂತೆ ಸವೆಯುತ್ತವೆ ಅಂತ ಗೊತ್ತಾಗಿ, ಬದಲಿಸಿ ಕೊಡಲು ಸುಮಾರು 70 ಕೋಟಿ ಡಾಲರ್ ಆಗಬಹುದು ಅಂತ ಅಂದಾಜಿಸಿದ್ದರು. 2017ರಲ್ಲಿ ಸರ್ವರ್, ರೂಟರ್‌ಗಳಲ್ಲಿ ಕೂರುವ ಆಟಮ್ ಸಿ2000 ಚಿಪ್ಪಿನ ಕ್ಲಾಕ್ ಭಾಗ ಸವೆದು ಉಪಕರಣ ಬೂಟ್ ಆಗದೇ ಹೋಗುವ ತೊಂದರೆ ಬಂತು. ನೋಡಿ, ಮತ್ತೆ ಕ್ಲಾಕ್. ಇಂಟೆಲ್‌ನ ಎದುರಾಳಿ ಎಎಂಡಿಯವರಿಗೂ 2023ರಲ್ಲಿ ಬಿಸಿ ತಟ್ಟಿತ್ತು. ರೈಜನ್ 7000ರ ಎಕ್ಸ್3ಡಿ ಚಿಪ್‌ಗಳು ಸುಟ್ಟ ಮೇಲೆ ಚಿಪ್ಪಿನ ಮೆಮೊರಿ ನಿಭಾಯಿಸುವ ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜಿಗೆ 1.3 ವೋಲ್ಟಿನ ಮಿತಿ ಹಾಕಿದರು. ಗೂಗಲ್‌ನ ಎಂಜಿನಿಯರ್‌ಗಳು 2021ರಲ್ಲಿ ಹೇಳಿದ್ದು ಇನ್ನೂ ದಿಗಿಲು. ಅವರ ಕೆಲವು ಸಾವಿರ ಮಿಷನ್‌ಗಳಿಗೆ ಒಂದೆರಡು ಕೋರ್‌ಗಳಾದರೂ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತಿದ್ದವು, ಅದೂ ಕೆಲವೊಂದು ಲೆಕ್ಕಗಳಲ್ಲಿ ಮಾತ್ರ.

ಇನ್ನು ನಮ್ಮೂರಿನ ವಿಷಯಕ್ಕೆ ಬರೋಣ. ಎರಡು ಮಾತು ಎಲ್ಲರ ಬಾಯಲ್ಲೂ ಕೇಳುತ್ತೇನೆ. ಒಂದು, "ನಮ್ಮ ಕರೆಂಟ್ ಸರಿ ಇಲ್ಲ ಸಾರ್, ಅದಕ್ಕೇ ಪ್ರೊಸೆಸರ್ ಹೋಯ್ತು." ಬೆಸ್ಕಾಂ ಕರೆಂಟ್ ಏರಿಳಿದರೆ ಮೊದಲ ಪೆಟ್ಟು ತಿನ್ನುವುದು ಎಸ್‌ಎಂಪಿಎಸ್. ಅದು 230 ವೋಲ್ಟನ್ನು 12ಕ್ಕೆ ಇಳಿಸುತ್ತದೆ. ಆ 12ನ್ನು ಮದರ್‌ಬೋರ್ಡ್ ಮತ್ತೆ ಒಂದೂಕಾಲು, ಒಂದೂವರೆ ವೋಲ್ಟಿಗೆ ಇಳಿಸಿ ಪ್ರೊಸೆಸರಿಗೆ ಕೊಡುತ್ತದೆ. ಎರಡು ಬಾಗಿಲು ದಾಟಿ ಹೋಗುವಷ್ಟರಲ್ಲಿ ಬೀದಿಯ ಏರಿಳಿತ ಒಳಗೆ ಮುಟ್ಟುವುದಿಲ್ಲ. ನಾನು ಹೇಳಿದ ಸವೆತಕ್ಕೆ ಕರೆಂಟನ್ನು ದೂರಿ ಪ್ರಯೋಜನ ಇಲ್ಲ.

ಎರಡನೆಯದು ಬಿಸಿಲು. ಇದರಲ್ಲಿ ಅರ್ಧ ಸತ್ಯ. ಏಪ್ರಿಲ್‌ನಲ್ಲಿ ನಮ್ಮಲ್ಲಿ 38, 39 ಡಿಗ್ರಿ ಮುಟ್ಟುತ್ತದೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹೆಚ್ಚುಕಮ್ಮಿ ಹತ್ತು ಡಿಗ್ರಿ ಬಿಸಿ. ಈ ಚಿಪ್‌ಗಳು 100 ಡಿಗ್ರಿಗೆ ಬಂದ ಕೂಡಲೇ ತಾವೇ ವೇಗ ಇಳಿಸಿಕೊಂಡು ಬಚಾವಾಗುತ್ತವೆ, ಆ ಕ್ಷಣಕ್ಕೆ ಸುಡುವುದಿಲ್ಲ. ಆದರೆ ಜಾಸ್ತಿ ವೋಲ್ಟೇಜಿನ ಜೊತೆ ಬಿಸಿಯೂ ಸೇರಿದರೆ ಸವೆತ ಬೇಗ. ಹಾಗಾಗಿ ಕೂಲರ್‌ನ ಧೂಳು ತೆಗೆಯುವುದು, ಪೇಸ್ಟ್ ಬದಲಿಸುವುದು ಒಳ್ಳೆಯದೇ. ಹಾಗಂತ ಎಸಿ ಹಾಕಿಸಿದರೆ ಪ್ರೊಸೆಸರ್ ಉಳಿಯುತ್ತದೆ ಅಂತ ನಂಬಬೇಡಿ. ವೋಲ್ಟೇಜ್ ಸರಿ ಮಾಡದೆ ತಣ್ಣಗಿಟ್ಟರೂ ಅದು ಸವೆಯುತ್ತದೆ.

ನಿಮ್ಮ ಮಿಷನ್‌ನಲ್ಲಿ ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ಇಂಥ ಪ್ರೊಸೆಸರ್ ಇದೆ, ಇನ್ನೂ ಚೆನ್ನಾಗಿ ಓಡುತ್ತಿದೆ ಅಂದುಕೊಳ್ಳಿ. ಇವತ್ತೇ ಮಾಡಬೇಕಾದ ಕೆಲಸ ಬಯೋಸ್ ಅಪ್‌ಡೇಟ್, ಹೊಸ ಮೈಕ್ರೋಕೋಡ್ ಬರುವುದು ಅದರ ಜೊತೆಗೇ. ಬೋರ್ಡ್ ಕಂಪನಿಯ ಸೈಟಿನಿಂದ ನಿಮ್ಮದೇ ಮಾಡೆಲ್‌ನ ಫೈಲ್ ಇಳಿಸಿಕೊಂಡು ಪೆನ್ ಡ್ರೈವ್‌ಗೆ ಹಾಕಿ. ಮಾಡೆಲ್ ಹೆಸರಿನ ಕೊನೆಯ ಅಕ್ಷರದವರೆಗೂ ಓದಿ ನೋಡಿ, ಡಿಡಿಆರ್4 ಮತ್ತು ಡಿಡಿಆರ್5 ಮೆಮೊರಿ ಕೂರುವ ಬೋರ್ಡ್‌ಗಳ ಫೈಲ್ ಬೇರೆ ಬೇರೆ. ಕರೆಂಟಿನ ಭಯ ನಿಜವಾಗಿ ಬೇಕಾದ್ದು ಇಲ್ಲಿ. ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಏಳದಿರಬಹುದು. ಯುಪಿಎಸ್ ಬ್ಯಾಟರಿ ಇನ್ನೂ ಜೀವ ಇಟ್ಟುಕೊಂಡಿದೆಯಾ ಅಂತ ಮೊದಲೇ ಪ್ಲಗ್ ಕಿತ್ತು ನೋಡಿ, ಆಮೇಲೆ ಶುರುಮಾಡಿ. ಮುಗಿದ ಮೇಲೆ ಬಯೋಸ್ ಒಳಗೆ ಇಂಟೆಲ್ ಡಿಫಾಲ್ಟ್ ಸೆಟ್ಟಿಂಗ್ಸ್ ಅನ್ನುವುದನ್ನು ಆರಿಸಿ. ಐ9ಗೆ 253 ವ್ಯಾಟ್, 307 ಆಂಪಿಯರ್ ಮಿತಿ ಕಾಣಬೇಕು. ಹಳೆಯ ಸೆಟ್ಟಿಂಗ್‌ಗಳೆಲ್ಲ ಅಳಿಸಿರುತ್ತವೆ, ಬೂಟ್ ಆಗದಿದ್ದರೆ ಗಾಬರಿಯಾಗದೆ ಸ್ಟೋರೇಜ್ ಸೆಟ್ಟಿಂಗ್ ಮೊದಲಿನಂತೆ ಇದೆಯಾ ನೋಡಿ.

ಆದರೆ ಒಂದು ಮಾತು ಬಿಡಿಸಿ ಹೇಳುತ್ತೇನೆ, ಇಲ್ಲೇ ಎಲ್ಲರೂ ಎಡವುವುದು. ಆಗಲೇ ಸವೆದ ಚಿಪ್ಪನ್ನು ಹೊಸ ಬಯೋಸ್ ಸರಿಮಾಡುವುದಿಲ್ಲ. ಮುಂದಿನ ಸವೆತ ನಿಧಾನವಾಗುತ್ತದೆ, ಆದದ್ದು ಆಗಿಹೋಯಿತು. ಎಷ್ಟೋ ಸಲ ಬಯೋಸ್ ಹಾಕಿದ ಮೇಲೆ ಕ್ರ್ಯಾಶ್ ಜಾಸ್ತಿಯಾಯಿತು ಅನ್ನುತ್ತಾರೆ. ಆಗಬಹುದು. ಮೊದಲು ಅನಗತ್ಯವಾಗಿ ಸಿಗುತ್ತಿದ್ದ ವೋಲ್ಟೇಜ್ ಸವೆದ ಕೋರನ್ನು ಹೇಗೋ ನಡೆಸುತ್ತಿತ್ತು, ಈಗ ಅದು ಸಿಗುತ್ತಿಲ್ಲ. ಇನ್ನು ಕೆಲವರು ಬಿಸಿ ಕಮ್ಮಿಯಾಗಲಿ ಅಂತ ಅಂಡರ್‌ವೋಲ್ಟ್ ಮಾಡುತ್ತಾರೆ, ಅಂದರೆ ವೋಲ್ಟೇಜ್ ಇಳಿಸುತ್ತಾರೆ. ಹೊಸ ಚಿಪ್ಪಿಗೆ ಒಳ್ಳೆಯದು. ಸವೆದ ಚಿಪ್ಪಿಗೆ ಮಾಡಿದರೆ ಇನ್ನಷ್ಟು ಬೇಗ ಬೀಳುತ್ತದೆ. ವೋಲ್ಟೇಜ್ ಏರಿಸಿದರೆ ಕೆಲವು ತಿಂಗಳು ಶಾಂತಿ, ಆದರೆ ಸವೆತ ಜಾಸ್ತಿ. ಗಿರಾಕಿಗೆ ಮಿಷನ್ ತುರ್ತಾಗಿ ಬೇಕಿದ್ದರೆ ವೇಗ ಇಳಿಸಿ ಕೊಡಿ, ವೋಲ್ಟೇಜ್ ಏರಿಸಿ ಕೊಡಬೇಡಿ.

ಪತ್ತೆ ಹಚ್ಚಲು ಬಯೋಸ್ ಗೊತ್ತಿಲ್ಲದವರಿಗೂ ಒಂದು ದಾರಿ ಇದೆ. ವಿಂಡೋಸ್‌ನ ಪವರ್ ಆಪ್ಷನ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟ 100 ಅಂತ ಇರುತ್ತದೆ. ಅದನ್ನು 99 ಮಾಡಿ. ಸಾಮಾನ್ಯವಾಗಿ ಟರ್ಬೊ, ಅಂದರೆ ಮೇಲಿನ ವೇಗಕ್ಕೆ ಹಾರುವುದು, ನಿಂತುಹೋಗುತ್ತದೆ. ಮಿಷನ್ ನಿಧಾನವಾಗಿ, ಆದರೆ ಎರಡು ಮೂರು ದಿನ ಒಮ್ಮೆಯೂ ಬೀಳದೆ ಓಡಿದರೆ ಅನುಮಾನ ಪ್ರೊಸೆಸರ್ ಮೇಲೆ. ರಿಪೇರಿ ಅಂಗಡಿಯವರು ಒಂದು ಐ3-12100 ಇಟ್ಟುಕೊಳ್ಳಿ. 12ನೇ ತಲೆಮಾರಿಗೆ ಈ ರೋಗ ಇಲ್ಲ, ಅದೇ ಸಾಕೆಟ್‌ನಲ್ಲಿ ಕೂರುತ್ತದೆ. ರ‍್ಯಾಮ್, ಕಾರ್ಡ್, ಎಸ್‌ಎಂಪಿಎಸ್ ಯಾವುದನ್ನೂ ಮುಟ್ಟದೆ ಪ್ರೊಸೆಸರ್ ಒಂದನ್ನೇ ಬದಲಿಸಿ ನೋಡಿ. ತೊಂದರೆ ನಿಂತರೆ ಗಿರಾಕಿಯ ಜೊತೆ ವಾದವೇ ಇಲ್ಲ, ಅವರ ಕಣ್ಣೆದುರೇ ಗೊತ್ತಾಗುತ್ತದೆ. ವಾರಂಟಿಯಲ್ಲಿ ಬೇರೆ ಬರುವವರೆಗೆ ಅದನ್ನೇ ಬಾಡಿಗೆಗೂ ಕೊಡಬಹುದು.

ವಾರಂಟಿ ಬಗ್ಗೆ. ಬಾಕ್ಸ್ ಪ್ರೊಸೆಸರಿಗೆ ಮೂರು ವರ್ಷ ಇತ್ತು. ಈ ತೊಂದರೆ ಒಪ್ಪಿಕೊಂಡ ಮೇಲೆ ಇಂಟೆಲ್ 13 ಮತ್ತು 14ನೇ ತಲೆಮಾರಿನ ಐ9, ಐ7 ಮತ್ತು ಐ5ನ 600ಕೆ ಸಾಲಿನವುಗಳಿಗೆ ಇನ್ನೆರಡು ವರ್ಷ ಸೇರಿಸಿತು. ಅಂದರೆ 2022ರ ನವೆಂಬರ್‌ನಲ್ಲಿ ತಂದ ಐ9-13900ಕೆಗೆ 2027ರ ನವೆಂಬರ್‌ವರೆಗೆ ವಾರಂಟಿ. ಮೂರು ವರ್ಷ ಆಯಿತು ಅಂತ ಸುಮ್ಮನೆ ಮೂಲೆಗಿಟ್ಟವರು ಇಲ್ಲೇ ಇರಬಹುದು, ಮನೆಗೆ ಹೋಗಿ ಬಿಲ್ ಹುಡುಕಿ. ಟ್ರೇ ಪೀಸ್ ಕಥೆ ಬೇರೆ. ಎರಡು ಸಾವಿರ ಉಳಿಯಿತು ಅಂತ ಡಬ್ಬಿ ಇಲ್ಲದ್ದು ತಂದಿದ್ದರೆ ಕೊಟ್ಟ ಅಂಗಡಿಯವರು ಅಥವಾ ಮಿಷನ್ ಜೋಡಿಸಿದವರ ಮೂಲಕವೇ ಹೋಗಬೇಕು, ಅವರು ಫೋನ್ ಎತ್ತುವುದು ನಿಮ್ಮ ಪುಣ್ಯ. ಬಾಕ್ಸ್ ಪೀಸ್ ಇದ್ದವರಿಗೆ ಬ್ಯಾಚ್ ನಂಬರ್ ಮತ್ತು ಸೀರಿಯಲ್ ನಂಬರ್ ಕೇಳುತ್ತಾರೆ. ಡಬ್ಬಿಯ ಸ್ಟಿಕರ್ ಮೇಲೆ ಇರುತ್ತದೆ. ಡಬ್ಬಿಯನ್ನು ಆಯುಧಪೂಜೆಯ ಕ್ಲೀನಿಂಗ್‌ನಲ್ಲಿ ಗುಜರಿಗೆ ಹಾಕಿದ್ದರೆ ಕೂಲರ್ ಬಿಚ್ಚಿ, ಪೇಸ್ಟ್ ಒರೆಸಿ ಚಿಪ್ಪಿನ ಮೇಲೆ ಓದಬೇಕು. ಹೊಸದು ಜೋಡಿಸುವ ಹುಡುಗರು ಕೂಲರ್ ಕೂರಿಸುವ ಮೊದಲು ಚಿಪ್ಪಿನದೊಂದು, ಸ್ಟಿಕರಿನದೊಂದು ಫೋಟೊ ತೆಗೆದು ಬಿಲ್ ಜೊತೆ ಗಿರಾಕಿಯ ವಾಟ್ಸಾಪ್‌ಗೆ ಹಾಕಿಬಿಡಿ. ಅರ್ಧ ನಿಮಿಷದ ಕೆಲಸ.

ದೂರು ಕೊಡುವಾಗ "ಹ್ಯಾಂಗ್ ಆಗುತ್ತೆ" ಅಂತ ಬರೆದರೆ ಮತ್ತೆ ವಿಂಡೋಸ್ ಹಾಕಿ ನೋಡಿ ಅನ್ನುತ್ತಾರೆ. ಇವೆಂಟ್ 19ರ ಸ್ಕ್ರೀನ್‌ಶಾಟ್, ಈಗಿರುವ ಬಯೋಸ್ ಆವೃತ್ತಿ, ರ‍್ಯಾಮ್ ಪರೀಕ್ಷೆಯ ಫಲಿತಾಂಶ, ವೇಗ ಇಳಿಸಿದಾಗ ಸರಿಹೋಯಿತು ಅನ್ನುವುದು, ಇವನ್ನು ಮೊದಲ ಪತ್ರದಲ್ಲೇ ಹಾಕಿ. ಸ್ಟುಡಿಯೊದವರಿಗೆ ನಾನು ಬರೆದುಕೊಟ್ಟದ್ದು ಅರ್ಧ ಪುಟ. ಅವರಿಗೆ ಬದಲಿ ಬಂತು.

ಪ್ರೊಸೆಸರ್ ಹೇಗೋ ಬರುತ್ತದೆ. ನನಗೆ ಹೆಚ್ಚು ಚಿಂತೆ ನಿಮ್ಮ ಡೇಟಾದ್ದು. ಕೆಟ್ಟ ಪ್ರೊಸೆಸರ್ ಇದ್ದ ತಿಂಗಳುಗಳಲ್ಲಿ ಅದೇ ಮಿಷನ್‌ನಲ್ಲಿ ಬ್ಯಾಕಪ್ ಜಿಪ್ ಮಾಡಿರುತ್ತೀರಿ, ಟ್ಯಾಲಿ ಡೇಟಾ ನಕಲು ಮಾಡಿರುತ್ತೀರಿ, ವಿಡಿಯೊ ರೆಂಡರ್ ಮಾಡಿ ಗಿರಾಕಿಗೆ ಕೊಟ್ಟಿರುತ್ತೀರಿ. ಬಿದ್ದಾಗ ಗೊತ್ತಾಗುತ್ತದೆ. ಬೀಳದೆ ತಪ್ಪು ಬರೆದಿದ್ದರೆ ಗೊತ್ತಾಗುವುದು ಫೈಲ್ ಮತ್ತೆ ತೆರೆದಾಗಲೇ. ಆ ಸ್ಟುಡಿಯೊದ ಒಂದು ಮದುವೆ ವಿಡಿಯೊದಲ್ಲಿ ಧಾರೆ ನಡೆಯುವಾಗ ಒಂದು ಕ್ಷಣ ಅರ್ಧ ಪರದೆ ಹಸಿರಾಗುತ್ತಿತ್ತು. ಮೂಲ ಕ್ಯಾಮೆರಾ ಫೈಲ್ ಇತ್ತು, ಮತ್ತೆ ರೆಂಡರ್ ಮಾಡಿದರು. ಮೂಲವನ್ನೇ ಅಳಿಸಿ ಜಿಪ್ ಮಾತ್ರ ಇಟ್ಟುಕೊಂಡವರು ಏನು ಮಾಡಬೇಕು? ಹಾಗಾಗಿ ಆ ಅವಧಿಯ ಬ್ಯಾಕಪ್‌ಗಳನ್ನು ಬೇರೆ ಮಿಷನ್‌ನಲ್ಲಿ ತೆಗೆದು 7-ಜಿಪ್‌ನ ಟೆಸ್ಟ್ ಆದೇಶ ಓಡಿಸಿ. ಒಂದು ಭಾನುವಾರ ಹೋಗಬಹುದು. ಹೋಗಲಿ.

ಈಗ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿ ಕೇಳಿದರು: "ಸರ್, ನಾನು ಗೇಮ್ ಆಡಲ್ಲ, ಬರೀ ಬ್ರೌಸಿಂಗ್, ಕೋಡಿಂಗ್. ನಂದು ಸವೆಯಲ್ಲ ಅಲ್ವಾ?" ಉಲ್ಟಾ ನೋಡಿ ಇದು. ಎಲ್ಲ ಕೋರ್ ದುಡಿಯುವಾಗ ವೇಗ ಇಳಿದು ವೋಲ್ಟೇಜೂ ಇಳಿಯುತ್ತದೆ. ಒಂದೆರಡು ಕೋರ್ ಮಾತ್ರ ಕೆಲಸದಲ್ಲಿದ್ದಾಗಲೇ ಅದು ಅತಿ ವೇಗಕ್ಕೆ ಹಾರುತ್ತದೆ, ಆಗಲೇ ಅತಿ ಹೆಚ್ಚು ವೋಲ್ಟೇಜ್ ಕೇಳುತ್ತದೆ. ಬ್ರೌಸರಿನ ಒಂದು ಟ್ಯಾಬ್ ತೆರೆದರೂ ಸಾಕು. ಬಯೋಸ್ ಹಾಕಿ.

ಡಿಟಿಪಿ ಸೆಂಟರ್ ನಡೆಸುವ ಅಕ್ಕ ಒಬ್ಬರು: "ನಮ್ದು ಐ3 ರೀ, ಮದ್ವೆ ಕಾರ್ಡ್ ಮಾಡ್ತೀವಿ, ಹೆದ್ರಬೇಕೇನು?" ಬೇಡ ಅಕ್ಕ. ಈ ತೊಂದರೆ 13, 14ನೇ ತಲೆಮಾರಿನ 65 ವ್ಯಾಟ್ ಮತ್ತು ಮೇಲಿನ ಡೆಸ್ಕ್‌ಟಾಪ್ ಚಿಪ್‌ಗಳದ್ದು. ನಿಮ್ಮದು ಹ್ಯಾಂಗ್ ಆದರೆ ಮೊದಲು ಹಾರ್ಡ್ ಡಿಸ್ಕ್ ನೋಡಿಸಿ. ಲ್ಯಾಪ್‌ಟಾಪ್‌ಗಳಿಗೂ ಇದು ಇಲ್ಲ ಅಂತ ಇಂಟೆಲ್ ಹೇಳಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200 ಡೆಸ್ಕ್‌ಟಾಪ್ ಚಿಪ್‌ಗಳಿಗೂ ಇಲ್ಲವಂತೆ, ಆದರೆ ಅವಕ್ಕೆ ಬೋರ್ಡೇ ಬೇರೆ ಬೇಕು.

ಕೊನೆಯದು, ಸೆಕೆಂಡ್ ಹ್ಯಾಂಡ್ ಐ7, ಐ9 ಕಮ್ಮಿಗೆ ಸಿಗುತ್ತಿವೆ, ತಗೋಬಹುದಾ ಅಂತ. ಯಾಕೆ ಕಮ್ಮಿಗೆ ಸಿಗುತ್ತಿವೆ ಅಂತ ಒಂದು ಸಲ ಯೋಚಿಸಿ. ತಗೊಳ್ಳಲೇಬೇಕು ಅಂದರೆ ಮಿಷನ್ ಚಾಲೂ ಇರುವಾಗಲೇ ನೋಡಿ, ಬೋರ್ಡಿನಿಂದ ತೆಗೆದಿಟ್ಟ ಚಿಪ್ಪನ್ನು ನೋಡಿ ಏನೂ ಗೊತ್ತಾಗುವುದಿಲ್ಲ. ಬಯೋಸ್ ಹೊಸದಾಗಿರಲಿ, ಡಿಫಾಲ್ಟ್ ಸೆಟ್ಟಿಂಗ್ ಇರಲಿ, ಯಾರಾದರೂ ವೇಗ ಇಳಿಸಿ ಇಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ದೊಡ್ಡ ಜಿಪ್ ಒಂದನ್ನು ಪೆನ್ ಡ್ರೈವ್‌ನಲ್ಲಿ ಒಯ್ದು ಅರ್ಧ ಗಂಟೆ ಬಿಚ್ಚುತ್ತಾ ಕೂರಿ, ಆಮೇಲೆ ಇವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ನಿನ್ನೆ ತಾನೇ ಹಾಕಿದ್ದು ಅಂದರೆ ಹಳೆಯ ಲಾಗ್ ಅಳಿಸಿದೆ ಅಂತ ಅರ್ಥ, ಪರೀಕ್ಷೆಯ ಸಮಯ ಜಾಸ್ತಿ ಮಾಡಿ. ಮೊದಲು ಕೊಂಡವರ ಹೆಸರಿನ ಒರಿಜಿನಲ್ ಬಿಲ್ ಮತ್ತು ಡಬ್ಬಿ ಕೇಳಿ ತಗೊಳ್ಳಿ, ವಾರಂಟಿಯಲ್ಲಿ ಉಳಿದ ವರ್ಷಗಳನ್ನು ನೋಡಿಕೊಂಡೇ ರೇಟ್ ಮಾತಾಡಿ.